ಸೈಕಲ್ ಫ್ರೇಮಿನ ವೆಲ್ಡಲ್ಲಿ ತೂತು, ಗೀರು, ಕ್ರ್ಯಾಕ್: ಮೇಲಿಂದ ಇನ್ನೊಂದು ಬೀಡ್ ಎಳೆದ್ರೆ ಸಾಕಾ?

ಪ್ರಶ್ನೆ: ಸರ್, ನಾನು ಕಾಪುವಿನವ, ಆಫೀಸ್ ಮಣಿಪಾಲದಲ್ಲಿ, ವೆಲ್ಡಿಂಗ್ ನಂಗೆ ಹವ್ಯಾಸ ಮಾತ್ರ. ಕಳೆದ ಮಳೆಗಾಲದಲ್ಲಿ ಮನೆ ಹಿಂದಿನ ಶೆಡ್ಡಲ್ಲಿ ಒಂದು ಸ್ಟೀಲ್ ಸೈಕಲ್ ಫ್ರೇಮ್ ಮಾಡಿದೆ. ಪೈಪು 4130 ಕ್ರೋಮೋಲಿ, ಅಂದ್ರೆ ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಸ್ಟೀಲ್, ಗೋಡೆ 0.9 ಮಿ.ಮೀ. ದಪ್ಪ. ಮೆಷಿನ್ 200 ಆಂಪಿನ ಇನ್ವರ್ಟರ್ ಟಿಗ್ (ಟಂಗ್‌ಸ್ಟನ್ ತುದಿಯ ಆರ್ಕಲ್ಲಿ ಲೋಹ ಕರಗಿಸಿ, ಫಿಲ್ಲರ್ ರಾಡನ್ನು ಕೈಯಲ್ಲಿ ಕೊಡುವ ವೆಲ್ಡಿಂಗ್), ಕರೆಂಟ್ ಏರಿಸಿ ಇಳಿಸುವ ಫೂಟ್ ಪೆಡಲ್ ಇಲ್ಲ, 75 ಆಂಪಲ್ಲಿ ಇಟ್ಟಿದ್ದೆ, ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಬಿಡುವ ಆರ್ಗಾನ್ ಗ್ಯಾಸ್ ನಿಮಿಷಕ್ಕೆ 15 ಲೀಟರ್. ಈಗ ಮೂರು ತೊಂದರೆ. ಒಂದು, ಚೈನ್ ಸ್ಟೇ (ಹಿಂದಿನ ಚಕ್ರಕ್ಕೆ ಹೋಗುವ ಕೆಳಗಿನ ಪೈಪು) ಬಾಟಮ್ ಬ್ರಾಕೆಟ್ಟಿಗೆ (ಪೆಡಲಿನ ಅಚ್ಚು ಕೂರುವ ಗೂಡು) ಸೇರುವಲ್ಲಿ ಬೀಡ್, ಅಂದ್ರೆ ವೆಲ್ಡ್ ಎಳೆದ ಪಟ್ಟಿ, ಮುಗಿಯುವ ಜಾಗದಲ್ಲೇ ಪ್ರತಿ ಸಲ ತೂತು, ಎಷ್ಟು ಮುಚ್ಚಿದ್ರೂ ಪುಸ್ಸಂತ ಮತ್ತೆ ಒಡೀತದೆ, ಬೇರೆ ಕಡೆಯೂ ಬೀಡಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು ಉಂಟು. ಎರಡು, ಡೌನ್ ಟ್ಯೂಬಲ್ಲಿ (ಹ್ಯಾಂಡಲಿನ ಕಡೆಯಿಂದ ಪೆಡಲಿನ ಕಡೆಗೆ ಇಳಿಯುವ ಪೈಪು) ಬೀಡಿನ ಪಕ್ಕ ಉಗುರು ಸಿಕ್ಕುವಷ್ಟು ಗೀರು. ಮೂರು, ಹೆಡ್ ಟ್ಯೂಬಿಗೆ (ಹ್ಯಾಂಡಲಿನ ಅಡಿಯ, ಫೋರ್ಕು ತೂರುವ ಪೈಪು) ಡೌನ್ ಟ್ಯೂಬ್ ಸೇರುವಲ್ಲಿ ಅಡಿಬದಿಗೆ ಒಂದೂವರೆ ಮಿ.ಮೀ. ಸಂದು ಬಿಟ್ಟಿತ್ತು, ಫಿಲ್ಲರ್ ತುಂಬಿಸಿ, ಗ್ರೈಂಡ್ ಮಾಡಿ, ಪುಟ್ಟಿ ಹಾಕಿ ಪೇಂಟ್ ಹೊಡೆದೆ. 400 ಕಿ.ಮೀ. ಓಡಿಸಿದ ಮೇಲೆ ಅಲ್ಲೇ ಕೂದಲೆಳೆಯ ಹಾಗೆ ಒಂದು ಗೆರೆ ಕಾಣ್ತಾ ಉಂಟು. ನಮ್ಮ ಮಾವ ಹೇಳುದು ಮೇಲಿಂದ ಇನ್ನೊಂದು ಬೀಡ್ ಎಳಿ ಸಾಕು ಅಂತ. ಒಬ್ಬ ಫ್ರೆಂಡ್ ಹೇಳುದು ಎಲ್ಲ ಕಡಲ ಗಾಳಿಯ ಉಪ್ಪಿಂದ ಅಂತ. ಇನ್ನೊಬ್ಬ ಬಿಸಿ ಇರುವಾಗ್ಲೇ ಒದ್ದೆ ಬಟ್ಟೆ ಒತ್ತಿದ್ರೆ ಗಟ್ಟಿಯಾಗ್ತದೆ ಅಂದ, ಅದನ್ನೂ ಎರಡು ಮೂರು ಕಡೆ ಮಾಡಿದ್ದೆ. ದಸರಾ ರಜೆಗೆ ಇದರಲ್ಲೇ ಆಗುಂಬೆ ಹತ್ತಿ ಇಳಿಯುವ ಅಂತ ಉಂಟು. ಏನು ಮಾಡ್ಲಿ?

ಉತ್ತರ: ಕೊನೆ ಸಾಲಿಗೆ ಮೊದ್ಲು ಉತ್ತರ ಹೇಳ್ತೇನೆ, ಯಾಕಂದ್ರೆ ನಿಮ್ಮ ನಿಜವಾದ ಮಂಡೆಬಿಸಿ ಅದೇ. ಈ ಫ್ರೇಮಲ್ಲಿ ಆಗುಂಬೆ ಬೇಡ. ಹತ್ತುದು ಹೇಗಾದ್ರೂ ಹತ್ತಬಹುದು, ಇಳಿಯುವಾಗ 14 ತಿರುವು, ಪ್ರತಿಯೊಂದಕ್ಕೂ ಮುಂದಿನ ಬ್ರೇಕ್ ಹಿಡೀತೀರಿ, ಹಿಡಿದಾಗೆಲ್ಲ ಫೋರ್ಕು ಹೆಡ್ ಟ್ಯೂಬನ್ನು ಎಳೆದು ತಿರುಚುದು ನೀವು ಗೆರೆ ಉಂಟು ಅಂತ ಹೇಳಿದ ಜಾಗದಲ್ಲೇ. ಕಾಪುವಿನ ಒಳ ರಸ್ತೆಯಲ್ಲಿ ಹಾಲು ತರ್ಲಿಕ್ಕೆ ಹೋಗುದು ಕೂಡ ಸದ್ಯಕ್ಕೆ ಬೇಡ. ಚೈನ್ ಸ್ಟೇ ಬಿಟ್ಟುಹೋದ್ರೆ ಸೈಕಲ್ ಓಲಾಡ್ತದೆ, ನಿಲ್ಲಿಸಿ ಇಳೀಬಹುದು. ಹೆಡ್ ಟ್ಯೂಬ್ ಹತ್ರ ಬಿಟ್ರೆ ಇಳೀಲಿಕ್ಕೆ ಟೈಮ್ ಇರುದಿಲ್ಲ, ಮುಖವೇ ಮೊದ್ಲು ರಸ್ತೆಗೆ.

400 ಕಿ.ಮೀ. ಏನೂ ಆಗ್ಲಿಲ್ಲ ಅಲ್ವಾ ಅಂತ ನೀವು ಕೇಳ್ಬಹುದು. ಒಂದು ಸುತ್ತು ತುಳಿದ್ರೆ ಅಂದಾಜು 5 ಮೀಟರ್ ಅಂತ ಇಟ್ಕೊಂಡ್ರೆ 400 ಕಿ.ಮೀ. ಅಂದ್ರೆ 80,000 ಸುತ್ತು, ಅದೂ ಹೆಚ್ಚಿನದ್ದು ಸಮತಟ್ಟು ರಸ್ತೆಯಲ್ಲಿ ಹಗುರವಾಗಿ. ಐಎಸ್‌ಒ 4210 ಅಂತ ಸೈಕಲ್ ಸುರಕ್ಷತೆಯ ಸ್ಟ್ಯಾಂಡರ್ಡ್ ಉಂಟಲ್ಲ, ಅದರಲ್ಲಿ ಪೆಡಲಿಗೆ ಸಾವಿರ ನ್ಯೂಟನ್ ಮತ್ತು ಅದಕ್ಕಿಂತ ಹೆಚ್ಚು ಬಲ ಕೊಟ್ಟು, ಅಂದ್ರೆ ನೂರು ಕೆಜಿ ಆಸಾಮಿ ಪೂರ್ತಿ ಭಾರ ಹಾಕಿ ನಿಂತ ಹಾಗೆ, 1 ಲಕ್ಷ ಸಲ ಒತ್ತಿ ನೋಡ್ತಾರೆ, ಅಷ್ಟಕ್ಕೂ ಫ್ರೇಮಲ್ಲಿ ಕ್ರ್ಯಾಕ್ ಬರಬಾರದು. ನಿಮ್ಮದು ಆ ಲೆಕ್ಕದಲ್ಲಿ ಇನ್ನೂ ಪರೀಕ್ಷೆಗೇ ಕೂತಿಲ್ಲ, ಆಗ್ಲೇ ಗೆರೆ ಬಂದಿದೆ.

ನಾನು ಬೈಕಂಪಾಡಿಯಲ್ಲಿ ಶಾಪ್ ಹಾಕುವ ಮೊದ್ಲು ಮಲ್ಪೆಯಲ್ಲಿ ಬೋಟ್ ಕೆಲಸ, ಮತ್ತೆ ಗಲ್ಫಲ್ಲಿ ಪೈಪ್ ಕೆಲಸ ಮಾಡಿದವ. ಅಲ್ಲಿ ಕಲಿತದ್ದರಲ್ಲಿ ನಂಗೆ ಇವತ್ತಿಗೂ ಅನ್ನ ಹಾಕುದು ಒಂದೇ ವಿಷಯ. ತೂತು ಕಂಡ ಕೂಡ್ಲೇ ಮುಚ್ಲಿಕ್ಕೆ ಹೋಗ್ಬಾರದು, ಅದು ಎಲ್ಲಿ ಬಂದಿದೆ ಅಂತ ನೋಡ್ಬೇಕು. ಬೀಡಿನ ಉದ್ದಕ್ಕೂ ಉಂಟಾ, ಶುರುವಲ್ಲಾ, ಕೊನೆಯಲ್ಲಾ, ಪಕ್ಕದಲ್ಲಾ, ಅದರಿಂದ ಮುಕ್ಕಾಲು ಕಾರಣ ಗೊತ್ತಾಗ್ತದೆ. ನಿಮ್ಮ ಪತ್ರದಲ್ಲಿ ನಂಗೆ ಖುಷಿಯಾದ್ದು ಅದೇ, ನೀವು ಎಲ್ಲಿ ಅಂತ ಸರಿಯಾಗಿ ಬರ್ದಿದ್ದೀರಿ.

ಚೈನ್ ಸ್ಟೇಯ ಆ ಹಠಮಾರಿ ತೂತು ನಿಮ್ಮ ಕೈಯ ತಪ್ಪಲ್ಲ, ಮೊದ್ಲೇ ಡ್ರಿಲ್ ಹಿಡಿದು ಗಾಳಿಗೊಂದು ತೂತು ಕೊರೀದ ತಪ್ಪು. ಪೈಪಿನ ಒಂದು ತುದಿ ಡ್ರಾಪೌಟ್ (ಹಿಂದಿನ ಚಕ್ರದ ಅಚ್ಚು ಕೂರುವ ತಗಡು) ಹತ್ರ ಮುಚ್ಚಿದೆ, ಇನ್ನೊಂದು ತುದಿ ಬಾಟಮ್ ಬ್ರಾಕೆಟ್ಟಿಗೆ ಸುತ್ತ ವೆಲ್ಡ್ ಆಗ್ತಾ ಬರ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಗೆ ಬರ್ಲಿಕ್ಕೆ ದಾರಿ ಹುಡುಕ್ತದೆ, ನೀವು ಕೊನೆಯ 4 ಮಿ.ಮೀ. ಮುಚ್ಚುವಾಗ ಉಳಿದ ಒಂದೇ ದಾರಿ ನಿಮ್ಮ ಕರಗಿದ ಲೋಹ, ಅದನ್ನೇ ತಳ್ಳಿ ಪುಸ್ಸಂತ ಬರ್ತದೆ. ಆರ್ಕ್ ತೆಗೆದ ಕೂಡ್ಲೇ ಗಾಳಿ ತಣ್ಣಗಾಗಿ ಕುಗ್ಗಿ ಅದೇ ಜಾಗದಲ್ಲಿ ಬೀಡನ್ನು ಒಳಗೆ ಎಳೀತದೆ, ಅಲ್ಲೊಂದು ಗುಳಿ.

ಗಲ್ಫಲ್ಲಿ ನಂಗೆ ಇದೇ ಆಗಿತ್ತು. ಎರಡೂ ತುದಿ ಮುಚ್ಚಿದ ಒಂದು ರೇಲಿಂಗ್ ಪೈಪು, ಬೆಳಿಗ್ಗೆಯಿಂದ ಊಟದವರೆಗೆ ಒಂದೇ ತೂತಿನ ಹಿಂದೆ ಬಿದ್ದು ಆ ಜಾಗ ಜೇನುಗೂಡು ಮಾಡಿ ಇಟ್ಟಿದ್ದೆ. ಫೋರ್‌ಮನ್ ಬಂದ, ಕೇರಳದವ, ಒಂದು ಮಾತಾಡ್ಲಿಲ್ಲ, ಹೆಲ್ಮೆಟ್ ಎತ್ತಿ ಅದನ್ನು ನೋಡಿದ, ನನ್ನ ಮುಖ ನೋಡಿದ, ಹೋಗಿ ಡ್ರಿಲ್ ತಂದು ಪೈಪಿನ ಅಡಿಗೆ 3 ಮಿ.ಮೀ. ತೂತು ಕೊರೆದ. ಹಿಸ್ಸಂತ ಬಿಸಿ ಗಾಳಿ ಹೊರಗೆ ಬಂತು, ನಂಗೆ ಬೆರಳಿಗೆ ತಾಗಿದ್ದು ಈಗಲೂ ನೆನಪುಂಟು. ಮತ್ತೆ ಬೀಡ್ ಒಂದೇ ಸಲಕ್ಕೆ ಮುಚ್ಚಿತು. ಆ ದಿನ ಊಟದಲ್ಲಿ ನಾನು ಯಾರ ಹತ್ರವೂ ಮಾತಾಡ್ಲಿಲ್ಲ.

ಅದಕ್ಕೇ ಫ್ರೇಮ್ ಮಾಡುವವರು ವೆಲ್ಡಿಂಗಿಗೆ ಮೊದ್ಲೇ ಬಾಟಮ್ ಬ್ರಾಕೆಟ್ ಶೆಲ್ಲಲ್ಲಿ, ಹೆಡ್ ಟ್ಯೂಬಲ್ಲಿ, ಸೀಟ್ ಟ್ಯೂಬಲ್ಲಿ, ಪೈಪ್ ಬಂದು ಕೂರುವ ಸುತ್ತಿನ ಒಳಗೆ ಒಂದೊಂದು ತೂತು ಕೊರೆದು ಇಡ್ತಾರೆ, ಹೊರಗೆ ಕಾಣುದಿಲ್ಲ, ಗಾಳಿ ಒಂದು ಪೈಪಿಂದ ಇನ್ನೊಂದಕ್ಕೆ ಓಡಾಡ್ತದೆ. ನಿಮ್ಮದು ಈಗಾಗ್ಲೇ ಸೇರಿಸಿ ಆಗಿದೆ, ಹಾಗಾಗಿ ಡ್ರಾಪೌಟ್ ಕಡೆ, ವೆಲ್ಡಿಂದ ಸ್ವಲ್ಪ ದೂರ, ಚಕ್ರದ ಬದಿಗೆ ಅಡಿಮುಖವಾಗಿ 3 ಮಿ.ಮೀ. ತೂತು ಕೊರೀರಿ. ಅಡಿಮುಖ ಯಾಕಂದ್ರೆ ನಮ್ಮೂರಿನ ಮಳೆ ಗೊತ್ತುಂಟಲ್ಲ, ಮೇಲೆ ಕೊರೆದ್ರೆ ಚೈನ್ ಸ್ಟೇ ಜೂನಲ್ಲೇ ನೀರಿನ ಕೊಡಪಾನ ಆಗ್ತದೆ. ಹಳೆ ಗುಳಿಯನ್ನು ತಳದವರೆಗೆ ತೆಗೆದು, ಶುದ್ಧ ಲೋಹ ಕಂಡ ಮೇಲೆ ಮಾತ್ರ ಮುಚ್ಚಿ.

ಇನ್ನು ಬೀಡಿನ ಉದ್ದಕ್ಕೆ ಬಂದ ಸೂಜಿ ತೂತುಗಳು, ಅವು ಬೇರೆ ಜಾತಿ. ಇಲ್ಲಿ ನಿಮ್ಮ ಫ್ರೆಂಡಿನ ಉಪ್ಪು ಗಾಳಿಯ ಮಾತು ಅರ್ಧ ಸರಿ. ಗಾಳಿಯಲ್ಲಿರುವ ಉಪ್ಪು ಹಾರಿ ಬಂದು ಬೀಡೊಳಗೆ ಸೇರುದಿಲ್ಲ, ಹಾಗೆ ಆಗ್ತಿದ್ರೆ ಮಲ್ಪೆಯಲ್ಲಿ ಒಂದು ಬೋಟೂ ನೀರಿಗೆ ಇಳೀತಿರ್ಲಿಲ್ಲ. ಆದ್ರೆ ವರ್ಷಕ್ಕೆ 3,500 ಮಿ.ಮೀ. ಮೇಲೆ ಮಳೆ ಬೀಳುವ ಊರಲ್ಲಿ, ಅದೂ ಮಳೆಗಾಲದಲ್ಲಿ, ಶೆಡ್ಡಲ್ಲಿ ಇಟ್ಟ ಪೈಪಿನ ಮೈಮೇಲೆ ನಸುಗೆಂಪು ತುಕ್ಕು, ತೇವ, ಫ್ಯಾಕ್ಟರಿಯಿಂದ ಬಂದ ಎಣ್ಣೆ ಎಲ್ಲ ಸೇರಿ ಒಂದು ಪದರ ಕೂತಿರ್ತದೆ. ಹೊರಗಿಂದ ಎಲ್ರೂ ಉಜ್ತಾರೆ, ಪೈಪಿನ ಒಳಬದಿ ಯಾರೂ ಉಜ್ಜುದಿಲ್ಲ. ಗೋಡೆ ದಪ್ಪ 0.9 ಮಿ.ಮೀ. ಮಾರಾಯ್ರೆ, ಒಳಗಿನ ಕೊಳೆ ಹೊರಗೆ ಬರ್ಲಿಕ್ಕೆ ಎಷ್ಟು ದೂರ ನಡೀಬೇಕು? ತುದಿಯಿಂದ ಒಂದು ಇಂಚು ಒಳಗೂ ಹೊರಗೂ ಎಮರಿ ಪೇಪರ್ ಹಾಕಿ ಬೆಳ್ಳಿ ಹಾಗೆ ಹೊಳೀಬೇಕು, ಮತ್ತೆ ಬಿಳಿ ಬಟ್ಟೆಯಲ್ಲಿ ಅಸಿಟೋನ್, ಬಟ್ಟೆ ಕಪ್ಪಾಗುದು ನಿಲ್ಲುವವರೆಗೆ. ಫಿಲ್ಲರ್ ರಾಡನ್ನೂ ಹಾಗೇ ಒರೆಸಿ, ನಮ್ಮಲ್ಲಿ ಏಪ್ರಿಲ್ ಮೇಯಲ್ಲಿ ಬೆವರಿದ ಗ್ಲೌಸಲ್ಲಿ ಹಿಡಿದ ರಾಡೇ ಒಂದು ಕಾರಣ ಆಗ್ತದೆ. ಒಂದು ಎಚ್ಚರಿಕೆ, ಗ್ಯಾರೇಜಿನ ಬ್ರೇಕ್ ಕ್ಲೀನರ್ ಸ್ಪ್ರೇ ಹಾಕಿ ಒರೆಸ್ಬೇಡಿ. ಕೆಲವಲ್ಲಿ ಕ್ಲೋರಿನ್ ಸೇರಿದ ದ್ರಾವಣ ಇರ್ತದೆ, ಆರ್ಕ್ ಬಿಸಿಗೆ ಅದು ಫಾಸ್ಜೀನ್ ಅನ್ನುವ ವಿಷಾನಿಲ ಆಗ್ತದೆ, ತಮಾಷೆಯ ವಿಷಯ ಅಲ್ಲ.

ಎರಡನೇ ಅನುಮಾನ ನಿಮ್ಮ ಆರ್ಗಾನ್ ಮೇಲೆ. 15 ಲೀಟರ್ ಹೆಚ್ಚಾಯ್ತು. ತೂತು ಬಂತು ಅಂತ ಗ್ಯಾಸ್ ಜಾಸ್ತಿ ಬಿಡುದು ಎಲ್ರೂ ಮಾಡುವ ತಪ್ಪು, ಟಾರ್ಚಿನ ಮೂತಿಯ ಸಣ್ಣ ಕಪ್ಪಿಂದ ಜೋರಾಗಿ ಬಂದ ಗ್ಯಾಸ್ ಸುಳಿ ಸುತ್ತಿ ಪಕ್ಕದ ಗಾಳಿಯನ್ನೂ ಎಳ್ಕೊಂಡು ಬರ್ತದೆ. ಈ ಕೆಲಸಕ್ಕೆ 7ರಿಂದ 10 ಲೀಟರ್ ಧಾರಾಳ, ಗ್ಯಾಸನ್ನು ಸಮನಾಗಿ ಹರಿಸುವ ಜಾಲರಿ, ಅಂದ್ರೆ ಗ್ಯಾಸ್ ಲೆನ್ಸ್, ಹಾಕಿದ್ರೆ ಇನ್ನೂ ಒಳ್ಳೇದು. ಮತ್ತೆ ನೀವು ಬರೀದ ಒಂದು ವಿಷಯ ಕೇಳ್ತೇನೆ, ಶೆಡ್ಡಲ್ಲಿ ಫ್ಯಾನ್ ಹಾಕಿದ್ರಾ? ಹಾಕಿರ್ತೀರಿ, ಕಾಪುವಿನ ಸೆಕೆಗೆ ಹಾಕದೆ ಇರ್ಲಿಕ್ಕೆ ಆಗುದಿಲ್ಲ. ಆ ಫ್ಯಾನಿನ ಗಾಳಿ ನಿಮಗೆ ತಾಗ್ತದೆ ಅಂದ್ರೆ ಆರ್ಗಾನಿಗೂ ತಾಗ್ತದೆ. ಫ್ಯಾನನ್ನು ಕಾಲಿಗೆ ತಿರುಗಿಸಿ, ನಡುವೆ ಒಂದು ಹಲಗೆ ಇಡಿ. ಗ್ಯಾಸ್ ಪೈಪಿನ ಜಾಯಿಂಟುಗಳಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರ್ತದಾ ನೋಡಿ.

ಕೊಳೆಯಾ ಗ್ಯಾಸಾ ಅಂತ ಬೇರೆ ಮಾಡ್ಲಿಕ್ಕೆ ಐದು ನಿಮಿಷ ಸಾಕು. ಅದೇ ಪೈಪಿನ ಒಂದು ತುಂಡನ್ನು ಚೆನ್ನಾಗಿ ಉಜ್ಜಿ ಒರೆಸಿ, ಫಿಲ್ಲರ್ ಇಲ್ಲದೆ ಮೇಲೆ ಬರೀ ಕರಗಿಸ್ತಾ ಎರಡು ಇಂಚು ಹೋಗಿ. ಅಲ್ಲೂ ಗುಳ್ಳೆ ಬಂದ್ರೆ ಗ್ಯಾಸು. ಬರದಿದ್ರೆ ನಿಮ್ಮ ಜಾಯಿಂಟು ಅಥವಾ ರಾಡು ಕೊಳಕು. ಟಂಗ್‌ಸ್ಟನ್ ತುದಿಯನ್ನೂ ನೋಡಿ, ಬೆಳ್ಳಗೆ ಹೊಳೀತಾ ಇದ್ರೆ ಗ್ಯಾಸ್ ಸರಿ ಉಂಟು, ನೀಲಿ ಕಪ್ಪು ಆಗಿದ್ರೆ ಗಾಳಿ ತಾಗಿದೆ ಅಥವಾ ಆರ್ಕ್ ನಿಲ್ಲಿಸಿದ ಮೇಲೆ ಗ್ಯಾಸ್ ಬೇಗ ಬಂದ್ ಮಾಡಿದ್ದೀರಿ. ನಿಲ್ಲಿಸಿದ ಮೇಲೆ ಟಾರ್ಚ್ ಎತ್ತದೆ ಏಳೆಂಟು ಸೆಕೆಂಡ್ ಅಲ್ಲೇ ಹಿಡೀರಿ.

ಈಗ ಆ ಉಗುರು ಸಿಕ್ಕುವ ಗೀರು. ನಮ್ಮ ಭಾಷೆಯಲ್ಲಿ ಅಂಡರ್‌ಕಟ್. ಪೈಪಿನ ಅಂಚು ಕರಗಿ ಹೋಗಿದೆ, ಅಲ್ಲಿಗೆ ಫಿಲ್ಲರ್ ಬಂದು ತುಂಬ್ಲಿಲ್ಲ. ಕಾರಣ ನೀವೇ ಬರ್ದಿದ್ದೀರಿ, 75 ಆಂಪ್. 0.9 ಮಿ.ಮೀ. ಪೈಪಿಗೆ ನಾನಾದ್ರೆ 40ರ ಆಸುಪಾಸಲ್ಲಿ ಶುರು ಮಾಡಿ, ದಪ್ಪದ ಶೆಲ್ ಇರುವಲ್ಲಿ ಮಾತ್ರ ಸ್ವಲ್ಪ ಏರಿಸ್ತೇನೆ. ಹೆಡ್ ಟ್ಯೂಬು, ಬಾಟಮ್ ಬ್ರಾಕೆಟ್ ಶೆಲ್ಲು ದಪ್ಪ, ಬಂದು ಸೇರುವ ಪೈಪು ತೆಳು, ಆರ್ಕಿನ ಮೂತಿ ಯಾವಾಗ್ಲೂ ದಪ್ಪದ ಮೇಲೆ ಇರ್ಬೇಕು, ತೆಳುವಿನ ಅಂಚಿಗೆ ಕರಗಿದ ಲೋಹ ತಾನಾಗಿ ಹರಿದು ಬಂದು ಸೇರ್ಬೇಕು. ಆರ್ಕ್ ಉದ್ದ ಆದ್ರೂ ಅಂಚು ತಿಂತದೆ. ಗೀರು 0.2 ಮಿ.ಮೀ. ಅಂದ್ರೆ ಎಂತ ಮಹಾ ಅನ್ನಿಸ್ತದೆ, ಆದ್ರೆ 0.9ರಲ್ಲಿ 0.2 ಅಂದ್ರೆ ಗೋಡೆಯ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಯ್ತು, ಅದೂ ಚೂಪಾಗಿ, ಅದೂ ಬಿಸಿಗೆ ಸ್ವಭಾವ ಬದಲಾದ ಜಾಗದಲ್ಲಿ. ಬೀಡು ಮೀನಿನ ಚಿಪ್ಪಿನ ಹಾಗೆ ಎಷ್ಟೇ ಚಂದ ಇರ್ಲಿ, ಸೈಕಲ್ ಫ್ರೇಮು ತುಂಡಾಗುದು ಹೆಚ್ಚಾಗಿ ಬೀಡಿನ ಮೇಲಲ್ಲ, ಅದರ ಅಂಚಲ್ಲಿ.

ಪೆಡಲ್ ಇಲ್ಲದ ಮೆಷಿನಲ್ಲಿ ಇನ್ನೊಂದು ಕಾಟ, ಆರ್ಕ್ ಒಮ್ಮೆಲೇ ನಿಲ್ತದೆ, ಕೊನೆಯಲ್ಲಿ ನಕ್ಷತ್ರದ ಹಾಗೆ ಸಣ್ಣ ಬಿರುಕು ಬೀಳ್ತದೆ. ಮೆಷಿನಲ್ಲಿ ಕರೆಂಟನ್ನು ನಿಧಾನ ಇಳಿಸುವ ಡೌನ್ ಸ್ಲೋಪ್ ನಾಬ್ ಉಂಟಾ ನೋಡಿ, ಇದ್ರೆ 3 ಸೆಕೆಂಡಿಗೆ ಇಡಿ, ಇಲ್ಲದಿದ್ರೆ ಪೆಡಲಿಗೆ ದುಡ್ಡು ಹಾಕಿ, ಹೊಸ ಹ್ಯಾಂಡಲ್‌ಬಾರಿಗಿಂತ ಅದು ಮುಖ್ಯ.

ಒದ್ದೆ ಬಟ್ಟೆಯ ಸಲಹೆ ಎಲ್ಲಿಂದ ಬಂತು ಅಂತ ನಂಗೆ ಗೊತ್ತುಂಟು. ಆಚಾರ್ರು ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುದು ಎಲ್ರೂ ನೋಡಿರ್ತಾರೆ. ಆದ್ರೆ ಕತ್ತಿಗೆ ಬೇಕಾದ್ದು ಬಾಯಿ ಗಡಸು, ಮತ್ತೆ ಅವರು ಅದ್ದಿದ ಮೇಲೆ ಪುನಃ ಹದಕ್ಕೆ ಕಾಯಿಸ್ತಾರೆ, ಅದನ್ನು ನೋಡ್ಲಿಕ್ಕೆ ಯಾರೂ ನಿಲ್ಲುದಿಲ್ಲ. 4130ರಲ್ಲಿ ಕಾರ್ಬನ್ 0.3 ಪರ್ಸೆಂಟ್ ಹತ್ರ, ಜೊತೆಗೆ ಕ್ರೋಮಿಯಂ, ಮಾಲಿಬ್ಡಿನಂ, ಅದು ಗಾಳಿಯಲ್ಲಿ ತಣಿದ್ರೇ ಸಾಕಷ್ಟು ಗಟ್ಟಿ ಆಗ್ತದೆ, ನೀರು ತಾಗಿದ್ರೆ ಹಂಚಿನ ಹಾಗೆ ಗಟ್ಟಿ ಆಗ್ತದೆ, ಗಟ್ಟಿ ಹೌದು, ಬಾಗುದಿಲ್ಲ, ಒಡೀತದೆ. ಯಾವ ಜಾಯಿಂಟಿಗೆ ಬಟ್ಟೆ ಒತ್ತಿದ್ದೀರಿ ಅಂತ ನೆನಪಿದ್ರೆ ಅದಕ್ಕೆ ಚಾಕ್‌ಪೀಸಲ್ಲಿ ಗುರುತು ಹಾಕಿ ಇಡಿ. ಇದರ ಉಲ್ಟಾ ಸಲಹೆಯೂ ಬರ್ತದೆ, ಕ್ರೋಮೋಲಿ ಅಂದ್ರೆ ಪ್ರೀಹೀಟ್, ಅಂದ್ರೆ ವೆಲ್ಡಿಗೆ ಮೊದ್ಲೇ ಬಿಸಿ, ಮಾಡ್ಲೇಬೇಕು ಅಂತ. ದಪ್ಪ ಮಾಲಿಗೆ ಹೌದು, ಇಷ್ಟು ತೆಳು ಪೈಪಿಗೆ ನಮ್ಮ 30 ಡಿಗ್ರಿ ಊರಲ್ಲಿ ಬೇಡ. ತೇವ ಹೋಗ್ಲಿಕ್ಕೆ ಹೀಟ್ ಗನ್ನಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದ್ರೆ ಸಾಕು.

ಫಿಲ್ಲರ್ ಯಾವುದು ಅಂತ ನೀವು ಬರೀಲಿಲ್ಲ. ಇಆರ್70ಎಸ್-2 ಒಳ್ಳೇದು, ಇಆರ್80ಎಸ್-ಡಿ2 ಕೂಡ ಹಾಕ್ತಾರೆ. ಇದಕ್ಕಿಂತ ಹೆಚ್ಚು ತಲೆ ಕೆಡಿಸ್ಬೇಡಿ, ರಾಡಿಂದಾಗಿ ಹಾಳಾದ ಫ್ರೇಮಿಗಿಂತ ಸಂದಿಂದಾಗಿ ಹಾಳಾದ್ದು ಹೆಚ್ಚು.

ಅಲ್ಲಿಗೇ ಬಂದೆ. ಆ ಒಂದೂವರೆ ಮಿ.ಮೀ. ಸಂದು. ಪೈಪಿನ ದಪ್ಪಕ್ಕಿಂತ ಸಂದೇ ಅಗಲ ಇತ್ತು ನಿಮ್ಮಲ್ಲಿ. ಫ್ರೇಮಿನ ಕೆಲಸದಲ್ಲಿ ಪೈಪನ್ನು ಹೆಡ್ ಟ್ಯೂಬಿನ ಮೈಗೆ ಒತ್ತಿ ಹಿಡಿದು ಹಿಂದೆ ಟಾರ್ಚ್ ಲೈಟ್ ಹಾಕಿದ್ರೆ ಬೆಳಕು ಕಾಣ್ಬಾರದು, ಅಷ್ಟು ಕೂರ್ಬೇಕು. ಸಂದಿದ್ರೆ ಏನಾಗ್ತದೆ ಅಂದ್ರೆ ಫಿಲ್ಲರ್ ಒಂದು ಸೇತುವೆ ಹಾಗೆ ಮೇಲಿಂದ ಹಾಸಿ ಕೂರ್ತದೆ, ಎರಡೂ ಬದಿಗೆ ತಾಗಿದ ಹಾಗೆ ಕಾಣ್ತದೆ, ಅಡಿಯಲ್ಲಿ ಹೆಡ್ ಟ್ಯೂಬಿನ ಲೋಹ ಕರಗಿಯೇ ಇರುದಿಲ್ಲ. ಮೇಲಿಂದ ಗ್ರೈಂಡ್ ಮಾಡಿ ನೀವು ಆ ಸೇತುವೆಯನ್ನೂ ಅರ್ಧ ತೆಗೆದ್ರಿ. ಜಾಗ ಬೇರೆ ಯಾವುದು? ಡೌನ್ ಟ್ಯೂಬಿನ ಅಡಿ, ಗುಂಡಿಗೆ ಬಿದ್ದಾಗ ಫ್ರೇಮಲ್ಲಿ ಅತಿ ಹೆಚ್ಚು ಹೊಡೆತ ತಿನ್ನುವ ಜಾಗಗಳಲ್ಲಿ ಒಂದು.

ಆದ್ರೂ ನೀವು ನೋಡಿದ ಗೆರೆ ಕ್ರ್ಯಾಕೇ ಅಂತ ಈಗ್ಲೇ ಹೇಳ್ಲಿಕ್ಕೆ ಆಗುದಿಲ್ಲ. ಅಡಿಯಲ್ಲಿ ಪುಟ್ಟಿ ಉಂಟು, ಪುಟ್ಟಿ ತಾನಾಗಿಯೂ ಬಿರೀತದೆ. ಹಾಗಾಗಿ ಪೇಂಟ್ ರಿಮೂವರ್ ಹಾಕಿ ಪೇಂಟು ಪುಟ್ಟಿ ಎಲ್ಲ ತೆಗೀರಿ, ಗ್ರೈಂಡರ್ ಬೇಡ, ಸ್ಯಾಂಡ್ ಬ್ಲಾಸ್ಟಿಂಗಿಗಂತೂ ಕೊಡ್ಲೇಬೇಡಿ, ಆ ಮರಳಿನ ಹೊಡೆತಕ್ಕೆ ಕ್ರ್ಯಾಕಿನ ಬಾಯಿ ಮುಚ್ಚಿಹೋಗಿ ಮತ್ತೆ ಏನು ಮಾಡಿದ್ರೂ ಕಾಣುದಿಲ್ಲ. ನಂತರ ಡೈ ಪೆನೆಟ್ರಂಟ್ ಟೆಸ್ಟ್, ಮೂರು ಸ್ಪ್ರೇ ಡಬ್ಬ ಬರ್ತದೆ, ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್. ಒರೆಸಿ, ಕೆಂಪು ಹೊಡೆದು ಹತ್ತು ನಿಮಿಷ ಬಿಡಿ, ಕ್ಲೀನರನ್ನು ನೇರ ಮೇಲೆ ಹೊಡೀದೆ ಬಟ್ಟೆಗೆ ಹಾಕಿ ಒರೆಸಿ, ಬಿಳಿ ತೆಳ್ಳಗೆ ಹೊಡೀರಿ. ಕ್ರ್ಯಾಕ್ ಇದ್ರೆ ಬಿಳಿ ಮೇಲೆ ಕೆಂಪು ಗೆರೆ ತಾನಾಗಿ ಎದ್ದು ಬರ್ತದೆ. ಗೆರೆ ಬಾರದೆ ಚುಕ್ಕಿ ಚುಕ್ಕಿ ಬಂದ್ರೆ ಅದು ಸೂಜಿ ತೂತು. ಏನೂ ಬರದಿದ್ರೂ ಒಂದು ಮಾತು, ಈ ಟೆಸ್ಟ್ ಮೇಲ್ಮೈಗೆ ತೆರೆದದ್ದನ್ನು ಮಾತ್ರ ತೋರಿಸ್ತದೆ, ಒಳಗೆ ಕೂಡದೆ ಉಳಿದದ್ದನ್ನು ತೋರಿಸುದಿಲ್ಲ.

ಕೆಂಪು ಗೆರೆ ಬಂತು ಅಂತ ಇಟ್ಕೊಳ್ಳಿ. ಮಾವನವರು ಹೇಳಿದ ಹಾಗೆ ಮೇಲಿಂದ ಬೀಡ್ ಎಳೆದ್ರೆ ಕ್ರ್ಯಾಕ್ ಅಡಿಯಲ್ಲಿ ಹಾಗೇ ಉಳೀತದೆ, ಮೇಲೆ ಹೊಸ ಬಿಸಿ, ಹೊಸ ಎಳೆತ, ಪಕ್ಕದಲ್ಲಿ ಹೊಸ ಅಂಚು. ಅವರ ಮೇಲೆ ಬೇಸರ ಬೇಡ, ಗೇಟಿಗೆ, ದಪ್ಪ ಆಂಗಲ್ಲಿಗೆ ಅದು ಎಷ್ಟೋ ಸಲ ನಡೀತದೆ, ಅಲ್ಲಿ ಲೋಹ ದಂಡಿಯಾಗಿ ಉಂಟು. ಕ್ರ್ಯಾಕನ್ನು ಪೂರ್ತಿ ಕೊರೆದು ತೆಗೆದು ವೆಲ್ಡ್ ಮಾಡಿ ಮೂಲೆಗೆ ಆಸರೆಯ ಗಸೆಟ್ ತಗಡು ಹಾಕುದು ಎರಡನೇ ದಾರಿ, ಅದರ ರಿಸ್ಕ್ ಏನಂದ್ರೆ ಗಸೆಟ್ ಮುಗಿಯುವ ತುದಿಯೇ ಮುಂದಿನ ಕ್ರ್ಯಾಕಿನ ಶುರು, ಎಷ್ಟೋ ಫ್ರೇಮ್ ಅಲ್ಲೇ ತುಂಡಾದ್ದು ನೋಡಿದ್ದೇನೆ. ಪಿತ್ತಳೆ ಹಾಕಿಸುವ ಅಂತ ಯಾರಾದ್ರೂ ಹೇಳ್ತಾರೆ. ಹಳೆ ಕಾಲದ ಕಪ್ಪು ಸೈಕಲ್‌ಗಳೆಲ್ಲ ಲಗ್ (ಪೈಪಿನ ತುದಿ ತೂರುವ ತೋಳು) ಹಾಕಿ ಬ್ರೇಜಿಂಗ್, ಅಂದ್ರೆ ಪಿತ್ತಳೆ ಕರಗಿಸಿ ಕೂಡಿಸುದು, ಮಾಡಿದ್ದೇ, ಅದು ಬಹಳ ಒಳ್ಳೆ ವಿಧಾನ, 900 ಡಿಗ್ರಿ ಹತ್ರ ಮುಗೀತದೆ, ಸ್ಟೀಲ್ ಕರಗುದೇ ಇಲ್ಲ. ಆದ್ರೆ ಅದು ಹೊಸ ಜಾಯಿಂಟಿಗೆ. ಕ್ರ್ಯಾಕ್ ಬಂದ ವೆಲ್ಡ್ ಮೇಲೆ ಪಿತ್ತಳೆ ಹರಿಸಿದ್ರೆ ಕರಗಿದ ಪಿತ್ತಳೆ ಬಿರುಕೊಳಗೆ ನುಗ್ಗಿ ಅದನ್ನು ಇನ್ನೂ ಅಗಲ ಮಾಡ್ಬಹುದು, ಮತ್ತೆ ಆ ಜಾಗದಲ್ಲಿ ಟಿಗ್ ಮಾಡುವ ಆಸೆ ಬಿಡ್ಬೇಕು.

ನಾನು ಮಾಡುದಾದ್ರೆ ಡೌನ್ ಟ್ಯೂಬನ್ನೇ ಕತ್ತರಿಸಿ ತೆಗೆದು ಹೊಸತು ಹಾಕುದು. ಇದರಲ್ಲೂ ರಿಸ್ಕ್ ಉಂಟು, ಹೆಡ್ ಟ್ಯೂಬಿಗೆ ಎರಡನೇ ಸಲ ಬಿಸಿ ಬೀಳ್ತದೆ, ದುಂಡಗಿದ್ದದ್ದು ಸ್ವಲ್ಪ ಮೊಟ್ಟೆಯಾಕಾರ ಆಗ್ತದೆ, ಬೇರಿಂಗ್ ಕಪ್ ಕೂರುವ ಜಾಗ ರೀಮ್ ಮಾಡಿಸ್ಬೇಕು, ಅಂದ್ರೆ ಒಳಗಿಂದ ಕೊರೆದು ಪುನಃ ದುಂಡಗೆ, ಫ್ರೇಮ್ ಜಿಗ್ಗಲ್ಲಿ (ಪೈಪುಗಳನ್ನು ಅಲುಗದ ಹಾಗೆ ಹಿಡಿಯುವ ಚೌಕಟ್ಟು) ಕಟ್ಟಿ ಹಾಕದೆ ಮಾಡಿದ್ರೆ ಚಕ್ರಗಳು ಒಂದೇ ಗೆರೆಯಲ್ಲಿ ಬರುದಿಲ್ಲ. ಬಾಟಮ್ ಬ್ರಾಕೆಟ್ಟಿನ ಥ್ರೆಡ್ಡಿಗೂ ಟ್ಯಾಪ್ ಹಾಕಿಸಿ, ಬಲಬದಿ ಉಲ್ಟಾ ಥ್ರೆಡ್ ಅಂತ ಲೇತಿನವರಿಗೆ ಮೊದ್ಲೇ ಹೇಳಿ, ಇಲ್ಲದಿದ್ರೆ ಅವರು ಬಲ ಹಾಕಿ ತಿರುಗಿಸಿ ಕೆಲಸ ಮುಗಿಸಿಬಿಡ್ತಾರೆ. ಒಂದೇ ಬದಿಯಿಂದ ಸುತ್ತ ಹೋಗ್ಬೇಡಿ, ಕಾಲು ಸುತ್ತು ಇಲ್ಲಿ, ಕಾಲು ಸುತ್ತು ಎದುರು ಬದಿ, ಹೀಗೆ. ಬೀಡಿನ ಶುರು ಮತ್ತು ಕೊನೆ ಪೈಪಿನ ಅಡಿಗೆ ನಡುಮಧ್ಯ ಬರದ ಹಾಗೆ ನೋಡಿ, ಪಕ್ಕಕ್ಕೆ ಬರ್ಲಿ.

ಆದ್ರೆ ಒದ್ದೆ ಬಟ್ಟೆ ಒತ್ತಿದ ಜಾಯಿಂಟುಗಳಲ್ಲಿ ಹೆಡ್ ಟ್ಯೂಬೂ ಸೇರಿದೆ ಅಂತಾದ್ರೆ ನನ್ನ ಮಾತು ಬದಲಾಗ್ತದೆ, ಆಗ ಈ ಫ್ರೇಮನ್ನು ರಿಪೇರಿ ಮಾಡುದು ಬೇಡ, ಗರಗಸ ತಗೊಳ್ಳಿ. ಪ್ರತಿ ಜಾಯಿಂಟನ್ನು ಉದ್ದಕ್ಕೆ ಸೀಳಿ ಒಳಗೆ ನೋಡಿ, ಯಾವ ಕಡೆ ಕರಗಿ ಸೇರಿದೆ, ಯಾವ ಕಡೆ ಬರೀ ಮೇಲೆ ಕೂತಿದೆ ಅಂತ ಕಣ್ಣಿಗೆ ಕಾಣ್ತದೆ. ಒಂದು ಮಳೆಗಾಲದ ಕೆಲಸ ಹೋಯ್ತು ಅಂತ ಹೊಟ್ಟೆ ಉರೀತದೆ, ಗೊತ್ತುಂಟು. ಹೊಸ ಪೈಪ್ ತರುವಾಗ ಎರಡು ಮೀಟರ್ ಹೆಚ್ಚು ತನ್ನಿ, ತುಂಡು ತುಂಡು ಮಾಡಿ ಹತ್ತು ಜಾಯಿಂಟ್ ಮಾಡಿ ಸೀಳಿ ನೋಡಿದ ಮೇಲೆಯೇ ಫ್ರೇಮಿಗೆ ಕೈ ಹಾಕಿ. ಖರ್ಚು ಉಳಿಸ್ಲಿಕ್ಕೆ ಅಂತ ಸತು ಲೇಪಿಸಿದ ಜಿಐ ಪೈಪಲ್ಲಿ ಅಭ್ಯಾಸ ಮಾಡ್ಬೇಡಿ, ಸತುವಿನ ಹೊಗೆಗೆ ಬೀಡೂ ತೂತಾಗ್ತದೆ, ಸಂಜೆಗೆ ನಿಮಗೆ ಚಳಿ ಜ್ವರವೂ ಬರ್ತದೆ.

ಸೀಳಿದ ತುಂಡುಗಳ ಫೋಟೋ ಕಳಿಸಿ, ನೋಡಿ ಹೇಳ್ತೇನೆ. ಒಳಬದಿಯದ್ದು ಕಳಿಸಿ, ಹೊರಗಿನದ್ದು ಬೇಡ.